ತೌರಾತ್, ಇಂಜೀಲ್ ದೇವರ ಗ್ರಂಥವೇ ಆದರೆ "ತಿದ್ದಿದ್ದಾರೆ" ಅನ್ನೋದು ಯಾಕೆ?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ನಾನು ಮುಸ್ಲಿಮನೂ ಅಲ್ಲ, ಕ್ರೈಸ್ತನೂ ಅಲ್ಲ. ಓದುವ ಚಟ ಅಷ್ಟೇ. ಖುರ್‌ಆನಿನ ಕನ್ನಡ ಅನುವಾದ ಓದುತ್ತಾ ಐದನೇ ಅಧ್ಯಾಯಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. 44ನೇ ವಚನದಲ್ಲಿ ತೌರಾತನ್ನು (ಮೋಶೆಗೆ ಕೊಟ್ಟ ಗ್ರಂಥ) ನಾವೇ ಇಳಿಸಿದೆವು, ಅದರಲ್ಲಿ ಮಾರ್ಗದರ್ಶನವೂ ಬೆಳಕೂ ಇತ್ತು ಅಂತ ದೇವರು ಹೇಳುತ್ತಾನೆ. 46ರಲ್ಲಿ ಯೇಸುವಿಗೆ ಕೊಟ್ಟ ಇಂಜೀಲ್ ಬಗ್ಗೆಯೂ ಅದೇ ಮಾತು. 47ರಲ್ಲಿ, ಇಂಜೀಲಿನವರು ಅದರಲ್ಲಿ ದೇವರು ಇಳಿಸಿದ ಪ್ರಕಾರವೇ ತೀರ್ಪು ಕೊಡಲಿ ಅಂತ. ಆದರೆ ಅದೇ ಅಧ್ಯಾಯದ 13 ಮತ್ತು 41ರಲ್ಲಿ, ಅವರು ಮಾತುಗಳನ್ನು ಜಾಗ ತಪ್ಪಿಸುತ್ತಾರೆ ಅನ್ನೋ ಆರೋಪ ಇದೆ.

ಇವೆರಡನ್ನೂ ಕೂಡಿಸೋದು ಹೇಗೆ? ಇಸ್ಲಾಮಿನ ಪ್ರಕಾರ ಈಗಿನ ಬೈಬಲ್ಲನ್ನು ನಂಬಬಹುದಾ, ಇಲ್ವಾ? ಹೌದು ಅಥವಾ ಇಲ್ಲ ಅಂದರೆ ಸಾಕು.

ಮಾತು ಜಾಸ್ತಿ
ಈ ವೇದಿಕೆಯಲ್ಲಿ ಹೌದು-ಇಲ್ಲ ಉತ್ತರ ಕೇಳ್ತಿದ್ದೀರಾ? ಹೊಸಬರಿರಬೇಕು. 😄

ಉಳ್ಳಾಲದ ಗಾಳಿ
ನಾನು ಮದ್ರಸದಲ್ಲಿ ಕಲಿತವನು, ನಮಗೆ ಹೇಳಿಕೊಟ್ಟಿದ್ದನ್ನು ಹೇಳುತ್ತೇನೆ. ದೇವರ ಗ್ರಂಥಗಳಲ್ಲಿ ನಂಬಿಕೆ ಇಡುವುದು ಈಮಾನಿನ (ಧರ್ಮಶ್ರದ್ಧೆಯ) ಆರು ವಿಷಯಗಳಲ್ಲಿ ಒಂದು. ನಬಿ ಅಂದರೆ ಪ್ರವಾದಿ. ಮೂಸಾ (ಮೋಶೆ) ನಬಿಗೆ ತೌರಾತ್, ದಾವೂದ್ (ದಾವೀದ) ನಬಿಗೆ ಝಬೂರ್ (ಕೀರ್ತನೆಗಳು), ಈಸಾ (ಯೇಸು) ನಬಿಗೆ ಇಂಜೀಲ್, ಮುಹಮ್ಮದ್ ನಬಿಗೆ ಖುರ್‌ಆನ್. ನಾಲ್ಕನ್ನೂ ನಂಬಬೇಕು. ಒಂದನ್ನು ತಳ್ಳಿಹಾಕಿದರೂ ಈಮಾನ್ ಪೂರ್ತಿ ಆಗಲ್ಲ.

ಆದರೆ ನಂಬುವುದು ದೇವರು ಆಗ ಕೊಟ್ಟಿದ್ದನ್ನು. ಇವತ್ತು ಅಂಗಡಿಯಲ್ಲಿ ಸಿಗುವ ಬೈಬಲ್ ಅದೇನಾ ಅಂದರೆ, ಅಲ್ಲ. ಅದರಲ್ಲಿ ಮನುಷ್ಯರ ಕೈ ಸೇರಿದೆ. 2ನೇ ಅಧ್ಯಾಯದ 79ನೇ ವಚನ ನೋಡಿ: ತಮ್ಮ ಕೈಯಿಂದಲೇ ಬರೆದು, ಇದು ದೇವರದ್ದು ಅಂತ ಹೇಳಿ, ಅಲ್ಪ ಬೆಲೆಗೆ ಮಾರುವವರಿಗೆ ವಿನಾಶ ಅಂತ ಇದೆ. ನಿಮ್ಮ ಪ್ರಶ್ನೆ ಇಲ್ಲಿಗೇ ಮುಗೀತು ನೋಡಿ.

ಜೆಪ್ಪು ಮನೆ
ಮುಗೀಲಿಲ್ಲ ಮಾರಾಯ್ರೆ. ಈಗಷ್ಟೇ ಶುರು.

ಖುರ್‌ಆನ್ ಬಂದಿದ್ದು ಏಳನೇ ಶತಮಾನದಲ್ಲಿ. "ನಿಮ್ಮ ಬಳಿ ಇರುವುದನ್ನು ದೃಢಪಡಿಸುತ್ತದೆ" ಅಂತ ಅದು ಆ ಕಾಲದ ಯೆಹೂದಿಗಳಿಗೆ, ಕ್ರೈಸ್ತರಿಗೆ ಹೇಳುತ್ತಿದೆ. 10:94ರಲ್ಲಿ, ಸಂಶಯ ಇದ್ದರೆ ನಿನಗಿಂತ ಮುಂಚೆ ಗ್ರಂಥ ಓದುತ್ತಿರುವವರನ್ನು ಕೇಳು ಅಂತಲೂ ಇದೆ. ಕೆಟ್ಟುಹೋದ ಪುಸ್ತಕ ಇಟ್ಟುಕೊಂಡವರ ಹತ್ತಿರ ಹೋಗಿ ಕೇಳು ಅಂತ ಯಾರಾದರೂ ಹೇಳ್ತಾರಾ? ಸಿನೈ ಬೆಟ್ಟದ ಮಠದಲ್ಲಿ ಸಿಕ್ಕ ಗ್ರೀಕ್ ಬೈಬಲ್ ಪ್ರತಿ ನಾಲ್ಕನೇ ಶತಮಾನದ್ದು. ಅಂದರೆ ನಬಿಯವರಿಗಿಂತ ಸುಮಾರು ಎರಡೂವರೆ ಶತಮಾನ ಹಿಂದಿನದು. ಅದರಲ್ಲಿ ಇರೋದೂ ಇದೇ ಸುವಾರ್ತೆಗಳು, ಇದೇ ಶಿಲುಬೆ. ಹಾಗಿದ್ದರೆ ತಿದ್ದಿದ್ದು ಯಾವಾಗ? ಮುಂಚೆ ಅಂದರೆ ಖುರ್‌ಆನ್ ದೃಢಪಡಿಸಿದ್ದು ಏನನ್ನು? ಆಮೇಲೆ ಅಂದರೆ ಹಳೆಯ ಪ್ರತಿಗಳು ಅದನ್ನು ಒಪ್ಪಲ್ಲ.

ರಾಯಚೂರು ಬಿಸಿಲು
ಎರಡು ಕಡೆಯವರೂ ತಮ್ಮ ಪುಸ್ತಕ ಬಿಟ್ಟು ಇನ್ನೊಬ್ಬರ ಪುಸ್ತಕ ಮಾತ್ರ ಪರೀಕ್ಷೆ ಮಾಡ್ತಾರೆ. ನೋಡೋಕೆ ಮಜಾ.

ನಿರ್ವಾಹಕ
ಪ್ರಶ್ನೆ ಚೆನ್ನಾಗಿದೆ, ಹೀಗೇ ಸಾಗಲಿ. ಯಾರ ನಂಬಿಕೆಯನ್ನೂ ಹೀಯಾಳಿಸಬೇಡಿ. ಬಿಸಿಲು ಅವರೇ, ನಿಮಗೂ ಸೇರಿಸಿಯೇ ಹೇಳಿದ್ದು.

ಅರಬ್ಬಿ ಓದು
ಉಳ್ಳಾಲದವರೂ ಜೆಪ್ಪುನವರೂ ಒಂದು ವಿಷಯವನ್ನು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೀರಿ: ಇಸ್ಲಾಮಿಗೆ ಈ ವಿಷಯದಲ್ಲಿ ಒಂದೇ ಅಭಿಪ್ರಾಯ ಇದೆ ಅಂತ. ಹಾಗೇನೂ ಇಲ್ಲ. ಸಾವಿರದ ಮುನ್ನೂರು ವರ್ಷಗಳಿಂದ ಮುಸ್ಲಿಂ ವಿದ್ವಾಂಸರೇ ಇದರ ಮೇಲೆ ಕಿತ್ತಾಡಿದ್ದಾರೆ.

ಈ ತಿರುಚುವಿಕೆಗೆ ಅವರಲ್ಲಿ ತಹ್ರೀಫ್ ಅನ್ನುತ್ತಾರೆ. ಜಗಳ ಇರೋದು ಇಷ್ಟೇ. ಅಕ್ಷರವನ್ನೇ ಬದಲಾಯಿಸಿದರಾ, ಅಥವಾ ಅಕ್ಷರ ಹಾಗೇ ಇಟ್ಟು ಅರ್ಥವನ್ನು ತಿರುಚಿದರಾ? ಖುರ್‌ಆನಿನ ಆರೋಪಗಳನ್ನು ಒಂದೊಂದಾಗಿ ನೋಡಿ. 2:75ರಲ್ಲಿ, ದೇವರ ಮಾತು ಕೇಳಿ ಅರ್ಥ ಮಾಡಿಕೊಂಡ ಮೇಲೂ ಅವರಲ್ಲಿ ಒಂದು ಗುಂಪು ತಿರುಚಿತು ಅಂತಿದೆ. ಎಲ್ಲರೂ ಅಂತಿಲ್ಲ. 3:78ರಲ್ಲಿ, ಕೇಳುವವರು ಇದು ಗ್ರಂಥದ್ದೇ ಅಂದುಕೊಳ್ಳಲಿ ಅಂತ ಓದುವಾಗ ನಾಲಿಗೆ ಹೊರಳಿಸುವವರು ಇದ್ದಾರೆ ಅಂತ. ಅದು ಓದಿನ ಮೋಸ, ಬರಹದ್ದಲ್ಲ. ಇನ್ನೂ ಕೆಲವು ಕಡೆ ಇರುವ ಆರೋಪ ಬಚ್ಚಿಡುವುದು. ಕೈಯಿಂದ ಬರೆದರು ಅಂತ ನೇರವಾಗಿ ಸಿಗುವುದು 2:79 ಒಂದೇ. ಅಲ್ಲೂ ತೌರಾತಿನ ಮೂಲವನ್ನೇ ಅಳಿಸಿದರಾ ಅಥವಾ ಬೇರೇನನ್ನೋ ಬರೆದು ದೇವರ ಹೆಸರಲ್ಲಿ ಮಾರಿದರಾ ಅಂತ ಬಿಡಿಸಿ ಹೇಳಿಲ್ಲ.

ನನಗೆ ಅನಿಸೋದು, ಖುರ್‌ಆನ್ ಬೈಯುತ್ತಿರುವುದು ಹೆಚ್ಚಾಗಿ ಗ್ರಂಥ ಇಟ್ಟುಕೊಂಡ ಜನರನ್ನು. ಗ್ರಂಥವೇ ಹಾಳಾಗಿದೆ ಅನ್ನೋ ಗಟ್ಟಿ ಮಾತು ಬಲ ಪಡೆದದ್ದು ಆಮೇಲೆ, ವಾದ-ವಿವಾದಗಳ ಕಾವಿನಲ್ಲಿ.

ಉಳ್ಳಾಲದ ಗಾಳಿ
ಗುರುಗಳೇ, ಇಬ್ನ್ ಅಬ್ಬಾಸರ ಮಾತು ಬುಖಾರಿಯಲ್ಲೇ (ನಬಿಯವರ ಮಾತು-ನಡೆಯ ವರದಿಗಳಾದ ಹದೀಸ್‌ಗಳ ಸಂಗ್ರಹ) ಇದೆಯಲ್ಲ? ಗ್ರಂಥದವರನ್ನು ನೀವು ಯಾಕೆ ಕೇಳಲು ಹೋಗುತ್ತೀರಿ, ನಿಮ್ಮ ಗ್ರಂಥ ಹೊಸದು, ಕಲಬೆರಕೆ ಇಲ್ಲದ್ದು, ಅವರು ದೇವರ ಗ್ರಂಥವನ್ನು ಬದಲಿಸಿ ಕೈಯಿಂದ ಬರೆದರು ಅಂತ ದೇವರೇ ನಿಮಗೆ ಹೇಳಿದ್ದಾನಲ್ಲ ಅಂತ. ಅವರು ನಬಿಯವರ ಚಿಕ್ಕಪ್ಪನ ಮಗ. ಆಮೇಲೆ ಹುಟ್ಟಿದ ವಾದ ಅಂತ ಹೇಗೆ ಹೇಳ್ತೀರಿ?

ಅರಬ್ಬಿ ಓದು
ಒಪ್ಪಿದೆ, ಆ ಮಾತು ಇದೆ. ಅದೇ ಬುಖಾರಿಯ ಕೊನೆಯ ಭಾಗದಲ್ಲಿ, ಒಂದು ಅಧ್ಯಾಯದ ತಲೆಬರಹದ ಹತ್ತಿರವೇ ಇನ್ನೊಂದು ಮಾತೂ ಇದೆ: ದೇವರ ಗ್ರಂಥದ ಒಂದು ಶಬ್ದವನ್ನೂ ಯಾರೂ ತೆಗೆದುಹಾಕಲು ಆಗುವುದಿಲ್ಲ, ಅವರು ತಿರುಚುವುದು ಅಂದರೆ ಅದರದ್ದಲ್ಲದ ಅರ್ಥ ಹೇಳುವುದು ಅಂತ. ಎರಡೂ ಒಂದೇ ಪುಸ್ತಕದಲ್ಲಿ. ಬುಖಾರಿಗೆ ದೊಡ್ಡ ವ್ಯಾಖ್ಯಾನ ಬರೆದ ಇಬ್ನ್ ಹಜರ್ ಇಲ್ಲಿ ನಿಂತು, ವಿದ್ವಾಂಸರಲ್ಲಿ ನಾಲ್ಕು ಅಭಿಪ್ರಾಯ ಇವೆ ಅಂತ ಪಟ್ಟಿ ಕೊಡುತ್ತಾರೆ. ಪೂರ್ತಿ ಬದಲಾಗಿದೆ, ಹೆಚ್ಚಿನ ಭಾಗ ಬದಲಾಗಿದೆ, ಸ್ವಲ್ಪ ಮಾತ್ರ ಬದಲಾಗಿದೆ, ಅರ್ಥ ಮಾತ್ರ ಬದಲಾಗಿದೆ. ಪೂರ್ತಿ ಬದಲಾಗಿದೆ ಅನ್ನುವುದು ಅತಿಯಾಯಿತು ಅಂತಾರೆ.

ಕೊಡೆ ಮರೆತವಳು
ನನಗೆ ಕಲ್ಲೇಟಿನ ಹದೀಸ್ ನೆನಪಾಯಿತು. ಯಾರಾದರೂ ಪೂರ್ತಿ ಹೇಳ್ತೀರಾ? ಕೈ ಅಡ್ಡ ಇಡೋ ಕಥೆ.

ಉಳ್ಳಾಲದ ಗಾಳಿ
ಹೇಳ್ತೀನಿ ಅಕ್ಕ. ಮದೀನಾದಲ್ಲಿ ವ್ಯಭಿಚಾರ ಮಾಡಿದ ಗಂಡು-ಹೆಣ್ಣನ್ನು ಯೆಹೂದಿಗಳು ನಬಿಯವರ ಹತ್ತಿರ ಕರೆತಂದರು. ನಿಮ್ಮ ತೌರಾತಿನಲ್ಲಿ ಏನು ಶಿಕ್ಷೆ ಅಂತ ನಬಿಯವರು ಕೇಳಿದರು. ನಾವು ಅವಮಾನ ಮಾಡುತ್ತೇವೆ, ಛಡಿ ಏಟು ಕೊಡುತ್ತೇವೆ ಅಂದರು. ಅಲ್ಲೇ ಅಬ್ದುಲ್ಲಾ ಇಬ್ನ್ ಸಲಾಮ್ ಇದ್ದರು. ಅವರು ಮೊದಲು ಯೆಹೂದಿ ಪಂಡಿತರು, ಆಮೇಲೆ ಮುಸ್ಲಿಮರಾದವರು. ಸುಳ್ಳು, ಅದರಲ್ಲಿ ಕಲ್ಲೆಸೆಯುವ ಶಿಕ್ಷೆ ಇದೆ ಅಂದರು. ತೌರಾತ್ ತಂದು ಬಿಚ್ಚಿದರು. ಓದುವವನು ಆ ವಚನದ ಮೇಲೆ ಅಂಗೈ ಇಟ್ಟುಕೊಂಡು ಅದರ ಹಿಂದಿನದನ್ನೂ ಮುಂದಿನದನ್ನೂ ಓದಿದ. ಕೈ ಎತ್ತು ಅಂದರು ಇಬ್ನ್ ಸಲಾಮ್. ಎತ್ತಿದಾಗ ವಚನ ಅಲ್ಲೇ ಇತ್ತು.

ಅಬೂ ದಾವೂದ್ ಅನ್ನೋ ಇನ್ನೊಂದು ಹದೀಸ್ ಸಂಗ್ರಹದ ಒಂದು ವರದಿಯಲ್ಲಿ ಇನ್ನೊಂದು ವಿವರ ಇದೆ. ನಬಿಯವರು ಕೂತಿದ್ದ ದಿಂಬನ್ನು ತೆಗೆದು ಅದರ ಮೇಲೆ ತೌರಾತ್ ಇಟ್ಟು, ನಿನ್ನನ್ನೂ ನಿನ್ನನ್ನು ಇಳಿಸಿದವನನ್ನೂ ನಂಬಿದ್ದೇನೆ ಅಂದರು ಅಂತ.

ಜೆಪ್ಪು ಮನೆ
ನೋಡಿ! ಇದನ್ನು ನೀವೇ ಹೇಳಿದ್ದಕ್ಕೆ ಥ್ಯಾಂಕ್ಸ್. ವಚನ ಅಲ್ಲೇ ಇತ್ತು. ಅಳಿಸಿರಲಿಲ್ಲ. ಇವತ್ತಿಗೂ ಅಳಿಸಿಲ್ಲ, ನನ್ನ ಕನ್ನಡ ಸತ್ಯವೇದದಲ್ಲಿ ಧರ್ಮೋಪದೇಶಕಾಂಡ 22ನೇ ಅಧ್ಯಾಯ ತೆಗೆದರೆ ಕಲ್ಲೆಸೆಯುವ ಮಾತು ಇದೆ. ತಮಗೇ ಮುಜುಗರ ಆಗುವ ಮಾತನ್ನು ಅಷ್ಟು ಶತಮಾನ ಉಳಿಸಿಕೊಂಡು ಬಂದವರು ಬೇರೆ ಯಾವುದನ್ನು ತಿದ್ದಿರುತ್ತಾರೆ? ಮತ್ತೆ ಆ ದಿಂಬಿನ ಮೇಲಿನ ಗೌರವ ಯಾವ ಪುಸ್ತಕಕ್ಕೆ? ಮದೀನಾದ ಯೆಹೂದಿಗಳ ಕೈಯಲ್ಲಿದ್ದ ಪ್ರತಿಗೇ ತಾನೇ?

ಉಳ್ಳಾಲದ ಗಾಳಿ
ಒಂದು ವಚನ ಸರಿಯಾಗಿತ್ತು ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತಾಗಲ್ಲ. ಒಳಗೆ ಸತ್ಯ ಇಲ್ಲವೇ ಇಲ್ಲ ಅಂತ ನಾವು ಯಾರೂ ಹೇಳಲ್ಲ. 5:48 ಓದಿ. ಖುರ್‌ಆನ್ ಹಿಂದಿನ ಗ್ರಂಥಗಳನ್ನು ದೃಢಪಡಿಸುವುದೂ ಹೌದು, ಅವುಗಳ ಮೇಲೆ ಕಾವಲು ಇರುವುದೂ ಹೌದು. ಯಾವುದು ಉಳಿದಿದೆ, ಯಾವುದು ಕೆಟ್ಟಿದೆ ಅಂತ ತೀರ್ಮಾನ ಮಾಡುವುದು ಅದು. ಇನ್ನು 10:94. ಅದು ಕೇಳಿಸಿಕೊಳ್ಳುವವರಿಗೆ ಹೇಳಿದ್ದು, ನಬಿಯವರಿಗೆ ಸಂಶಯ ಇತ್ತು ಅಂತಲ್ಲ ಅಂತ ಎಷ್ಟೋ ವ್ಯಾಖ್ಯಾನಕಾರರು ಹೇಳಿದ್ದಾರೆ.

ದುಬೈ ಶಿಫ್ಟ್
ನಮ್ಮ ಲೇಬರ್ ಕ್ಯಾಂಪಿನಲ್ಲಿ ಇದೇ ವಾದ ವಾರಕ್ಕೊಮ್ಮೆ ಆಗುತ್ತೆ. ಕೇರಳದ ಪೆಂತೆಕೋಸ್ತಿನವರು ಒಂದು ಕಡೆ, ಪಾಕಿಸ್ತಾನದವರು ಇನ್ನೊಂದು ಕಡೆ. ಕೊನೆಗೆ ಒಬ್ಬರು ಬರ್ನಾಬನ ಸುವಾರ್ತೆ ತೆಗೀತಾರೆ. ವ್ಯಾಟಿಕನ್ ಮುಚ್ಚಿಟ್ಟಿದ್ದ ನಿಜವಾದ ಇಂಜೀಲ್ ಇದು, ಮುಹಮ್ಮದರ ಹೆಸರೇ ಇದೆ ಅಂತ ವಾಟ್ಸಾಪಿನಲ್ಲೂ ಬರುತ್ತೆ. ಅದು ನಿಜವಾ?

ಜೆಪ್ಪು ಮನೆ
ಅಯ್ಯೋ ಬರ್ನಾಬ.

ಅರಬ್ಬಿ ಓದು
ಬೇಡ ಶಿಫ್ಟ್ ಅವರೇ. ಅದನ್ನು ಹಿಡಿದವರು ಮುಳುಗುತ್ತಾರೆ. ಅದರ ಇಟಾಲಿಯನ್ ಹಸ್ತಪ್ರತಿ ವಿಯೆನ್ನಾದಲ್ಲಿದೆ, ಅದು ಹದಿನಾರನೇ ಶತಮಾನದ ಸುಮಾರಿನದ್ದು. 1907ರಲ್ಲಿ ಇಂಗ್ಲಿಷಿಗೆ ಬಂತು, ಮರುವರ್ಷವೇ ಕೈರೋದ ರಶೀದ್ ರಿದಾ ಅರಬ್ಬಿಯಲ್ಲಿ ತಂದರು. ಅಲ್ಲಿಂದ ನಮ್ಮ ಕಡೆಗೂ ಹಬ್ಬಿತು. ಒಳಗೆ ನೂರು ವರ್ಷಕ್ಕೊಮ್ಮೆ ಬರುವ ಜುಬಿಲಿ ಬಗ್ಗೆ ಬರೆದಿದ್ದಾರೆ. ಬೈಬಲಿನಲ್ಲಿ ಅದು ಐವತ್ತನೇ ವರ್ಷ. ನೂರು ವರ್ಷದ ಲೆಕ್ಕ 1300ರಲ್ಲಿ ಪೋಪ್ ಶುರು ಮಾಡಿದ್ದು. ಎಲ್ಲಕ್ಕಿಂತ ದೊಡ್ಡ ತಮಾಷೆ ಅಂದರೆ ಅದರಲ್ಲಿ ಯೇಸು ತಾನು ಮೆಸ್ಸೀಯ ಅಲ್ಲ ಅನ್ನುತ್ತಾನೆ. ಖುರ್‌ಆನ್ ಈಸಾ ನಬಿಯನ್ನು ಮಸೀಹ್ (ಮೆಸ್ಸೀಯ) ಅಂತಲೇ ಕರೆಯುತ್ತದೆ. ಅಂದರೆ ಬರ್ನಾಬನನ್ನು ನಂಬಿದರೆ ಬೈಬಲ್ ಜೊತೆ ಖುರ್‌ಆನಿಗೂ ಪೆಟ್ಟು.

ಮಾತು ಜಾಸ್ತಿ
ಪೆಂತೆಕೋಸ್ತಿನವರಿಗೆ ಈ ಕಾಮೆಂಟ್ ಫಾರ್ವರ್ಡ್ ಮಾಡಬೇಡಿ ಶಿಫ್ಟ್, ಕ್ಯಾಂಪಿನಲ್ಲಿ ಅಡುಗೆ ಹಂಚಿಕೊಳ್ಳೋದು ನಿಂತೀತು.

ದುಬೈ ಶಿಫ್ಟ್
ಅಡುಗೆ ಹಂಚಿಕೊಳ್ಳೋದು ನಿಲ್ಲಲ್ಲ ಬಿಡಿ. ಗ್ರಂಥದವರ ಆಹಾರ ನಮಗೆ ಹಲಾಲ್ ಅಂತ 5:5ರಲ್ಲೇ ಇದೆ.

ಹೇಮಾವತಿ ದಂಡೆ
ಇದು ಒಳ್ಳೆ ಪಾಯಿಂಟ್. ಪುಸ್ತಕ ಕೆಟ್ಟಿದೆ ಅಂದಮೇಲೂ ಅವರು "ಗ್ರಂಥದವರು" ಆಗಿಯೇ ಉಳಿದರು, ಅವರ ಹೆಣ್ಣುಮಕ್ಕಳನ್ನು ಮದುವೆ ಆಗಬಹುದು, ಊಟ ಮಾಡಬಹುದು. ಹಾಗಾದರೆ ಪೂರ್ತಿ ಕೆಟ್ಟಿದೆ ಅಂತ ಮೊದಲು ಗಟ್ಟಿಯಾಗಿ ಹೇಳಿದವರು ಯಾರು?

ಅರಬ್ಬಿ ಓದು
ಒಬ್ಬರೇ ಅಂತ ಬೆರಳು ತೋರಿಸೋದು ಕಷ್ಟ. ಆದರೆ ಅದನ್ನು ಪುಟ ಪುಟ ತಿರುವಿ ವಾದ ಮಾಡಿದವನು ಅಂದರೆ ಸ್ಪೇನಿನ ಕಾರ್ಡೋಬಾದ ಇಬ್ನ್ ಹಝ್ಮ್ (994-1064). ಆಸಾಮಿ ಬಾಯಿಬಡುಕ. ಅವನ ನಾಲಿಗೆ ಕ್ರೂರ ಆಡಳಿತಗಾರ ಹಜ್ಜಾಜನ ಕತ್ತಿಯ ಒಡಹುಟ್ಟು ಅಂತ ಗಾದೆಯೇ ಇತ್ತು. ಅವನು ಹಳೆಯ ಒಡಂಬಡಿಕೆಯನ್ನು ನಿಜವಾಗಿ ಕೂತು ಓದಿದ್ದ, ಅದು ಮುಖ್ಯ. ಈಜಿಪ್ಟಿಗೆ ಹೋಗಿದ್ದು ಯಾಕೋಬನ ಮನೆಯ ಎಪ್ಪತ್ತು ಜನ. ಕೆಲವೇ ತಲೆಮಾರಿನಲ್ಲಿ ಯುದ್ಧಕ್ಕೆ ಹೋಗಬಲ್ಲ ಗಂಡಸರೇ ಆರು ಲಕ್ಷದ ಮೇಲೆ ಹೇಗಾದರು ಅಂತ ಲೆಕ್ಕ ಕೇಳುತ್ತಾನೆ. ಏದೆನಿನ ನಾಲ್ಕು ನದಿಗಳ ಭೂಗೋಳ ಸರಿಯಿಲ್ಲ ಅಂತಾನೆ. ಲೋಟನ ಹೆಣ್ಣುಮಕ್ಕಳ ಕಥೆ ಎತ್ತಿ, ದೇವರ ಪ್ರವಾದಿ ಬಗ್ಗೆ ದೇವರ ಗ್ರಂಥ ಹೀಗೆ ಬರೆಯುತ್ತದಾ ಅಂತ ಕಿಡಿಕಾರುತ್ತಾನೆ. ಮೂಲ ತೌರಾತ್ ಪುರೋಹಿತರ ಕೈಯಲ್ಲಿ ಮಾತ್ರ ಇತ್ತು, ದೇವಾಲಯ ನಾಶ ಆದಮೇಲೆ ಎಜ್ರ ಅನ್ನೋ ಯೆಹೂದಿ ಪಂಡಿತ ತನಗೆ ತೋಚಿದಂತೆ ಬರೆಸಿದ ಅನ್ನೋದು ಅವನ ವಾದ.

ರಾಯಚೂರು ಬಿಸಿಲು
ಧರ್ಮೋಪದೇಶಕಾಂಡದ ಕೊನೆ ಅಧ್ಯಾಯದಲ್ಲಿ ಮೋಶೆ ಸತ್ತ, ಅವನ ಸಮಾಧಿ ಎಲ್ಲಿದೆ ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ ಅಂತ ಬರೆದಿದೆ. ಸತ್ತವನು ತನ್ನ ಸಮಾಧಿ ಬಗ್ಗೆ ಬರೆದನಾ? ಅದನ್ನೂ ಕೇಳಿದ್ದ ಅಲ್ವಾ ಇಬ್ನ್ ಹಝ್ಮ್?

ಅರಬ್ಬಿ ಓದು
ಕೇಳಿದ್ದ. ಆದರೆ ಯೆಹೂದಿಗಳು ಅವನಿಗಿಂತ ಮುಂಚೆಯೇ ಅದನ್ನು ಗಮನಿಸಿದ್ದರು. ಕೊನೆಯ ಎಂಟು ವಚನ ಬರೆದವನು ಯೆಹೋಶುವ ಅಂತ ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮೂದಿನಲ್ಲೇ ಇದೆ. ದೇವರ ಗೌರವಕ್ಕಾಗಿ ಲಿಪಿಕಾರರು ಕೆಲವು ಕಡೆ ಶಬ್ದ ತಿದ್ದಿದ್ದಾರೆ ಅನ್ನೋ ಹದಿನೆಂಟು ಜಾಗಗಳ ಪಟ್ಟಿಯೂ ಅವರ ಸಂಪ್ರದಾಯದಲ್ಲೇ ಇದೆ.

ಕೊಡೆ ಮರೆತವಳು
ನಾನು ಹಸ್ತಪ್ರತಿ ವಿಭಾಗದಲ್ಲಿ ಕೆಲಸ ಮಾಡಿದವಳು, ಸ್ವಲ್ಪ ಬಾಯಿ ಹಾಕಲಾ? ನೀವೆಲ್ಲ ತಿದ್ದುವುದು ಅಂದ ತಕ್ಷಣ ಯಾರೋ ಕಳ್ಳನ ಹಾಗೆ ರಾತ್ರಿ ಕೂತು ಬದಲಾಯಿಸಿದ ಅಂತ ಕಲ್ಪಿಸಿಕೊಳ್ತಿದ್ದೀರಿ. ಕುಮಾರವ್ಯಾಸನ ಓಲೆಪ್ರತಿಗಳನ್ನು ಎದುರಿಗೆ ಹರಡಿಕೊಂಡು ಕೂತವರಿಗೆ ಗೊತ್ತು, ಮೋಸ ಮಾಡಬೇಕು ಅಂತಲೇ ಬದಲಾಗಬೇಕಿಲ್ಲ. ಲಿಪಿಕಾರನ ಕಣ್ಣು ಒಂದು ಸಾಲು ಹಾರುತ್ತದೆ. ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ ಮುಂದಿನ ಪ್ರತಿಯಲ್ಲಿ ಒಳಗೆ ಸೇರುತ್ತದೆ. ಭಕ್ತಿ ಜಾಸ್ತಿಯಾಗಿ ಒಂದು ಪದ್ಯ ಹೆಚ್ಚಾಗುತ್ತದೆ. ಅದಕ್ಕೇ ನಾವು ಪಾಠಾಂತರ ಅಂತ ಅಡಿಯಲ್ಲಿ ಕೊಡೋದು.

ಬೈಬಲಿನಲ್ಲೂ ಅದೇ ಆಗಿದೆ, ಕ್ರೈಸ್ತ ವಿದ್ವಾಂಸರೇ ಒಪ್ಪುತ್ತಾರೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನ ಜೆಪ್ಪು ಅವರು ಹೇಳಿದ ಸಿನೈ ಪ್ರತಿಯಲ್ಲಿ ಇಲ್ಲ. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಅನ್ನೋ ಯೋಹಾನನ ಪ್ರಸಿದ್ಧ ಪ್ರಸಂಗವೂ ಅದರಲ್ಲಿಲ್ಲ. ಹಾಗಂತ ಎಲ್ಲ ಕುಲಗೆಟ್ಟು ಹೋಗಿದೆ ಅಂತಲೂ ಅಲ್ಲ. 1947ರಿಂದ ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಪೂರ್ತಿ ಪುಸ್ತಕ ಇದೆ. ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸಾವಿರ ವರ್ಷ ಹಳೆಯದು. ಸಣ್ಣ ವ್ಯತ್ಯಾಸ ಬೇಕಾದಷ್ಟು, ಒಟ್ಟು ಪುಸ್ತಕ ಮಾತ್ರ ಅದೇ. ಆದರೆ ಯೆರೆಮೀಯನ ವಿಷಯ ಬೇರೆ. ಗ್ರೀಕ್ ಅನುವಾದ ಹೀಬ್ರೂವಿಗಿಂತ ಸುಮಾರು ಎಂಟನೇ ಒಂದು ಭಾಗ ಚಿಕ್ಕದು, ಆ ಚಿಕ್ಕ ಪಾಠಕ್ಕೆ ಹೊಂದುವ ಹೀಬ್ರೂ ತುಣುಕುಗಳೂ ಕುಮ್ರಾನಿನಲ್ಲಿ ಸಿಕ್ಕಿವೆ. ಪುಸ್ತಕದಿಂದ ಪುಸ್ತಕಕ್ಕೆ ಕಥೆ ಬೇರೆ.

ಉಳ್ಳಾಲದ ಗಾಳಿ
ಅಕ್ಕ, ನೀವು ಹೇಳಿದ್ದು ನಮ್ಮ ಮಾತಿಗೇ ಬಲ ಕೊಡ್ತು. ಮನುಷ್ಯರ ಕೈ ಸೇರಿದೆ.

ಜೆಪ್ಪು ಮನೆ
ಇಲ್ಲ, ನಮ್ಮ ಮಾತಿಗೆ. ಎಲ್ಲಿ ಸೇರಿದೆ ಅಂತ ಪತ್ತೆ ಹಚ್ಚಬಹುದು, ಅಡಿಟಿಪ್ಪಣಿಯಲ್ಲಿ ಬಹಿರಂಗವಾಗಿಯೇ ಹಾಕಿದ್ದೇವೆ. ಶಿಲುಬೆ ಇಲ್ಲದ ಸುವಾರ್ತೆ ಪ್ರತಿ ಒಂದಾದರೂ ಸಿಕ್ಕಿದೆಯಾ?

ಮಾತು ಜಾಸ್ತಿ
ಕೊಡೆ ಅಕ್ಕ ಒಬ್ಬರೇ, ಕಕ್ಷಿದಾರರು ಇಬ್ಬರು.

ಶಿವಮೊಗ್ಗ ಸಂಜೆ
ತಡವಾಗಿ ಬಂದೆ. ಜೆಪ್ಪು ಮತ್ತು ಉಳ್ಳಾಲ ಈಗ ಮಾಡುತ್ತಿರುವ ವಾದ ನಮ್ಮ ದೇಶದಲ್ಲೇ ದೊಡ್ಡ ಸಭೆ ಸೇರಿ ನಡೆದಿದೆ. 1854ರ ಏಪ್ರಿಲ್ 10 ಮತ್ತು 11, ಆಗ್ರಾ. ಒಂದು ಕಡೆ ಜರ್ಮನ್ ಪಾದ್ರಿ ಕಾರ್ಲ್ ಫಾಂಡರ್, ಇನ್ನೊಂದು ಕಡೆ ಮೌಲಾನಾ ರಹಮತುಲ್ಲಾ ಕೈರಾನವಿ. ಫಾಂಡರ್ ತನ್ನ ಪುಸ್ತಕದಲ್ಲಿ ಬೈಬಲ್ ಒಂದಿಷ್ಟೂ ಕೆಟ್ಟಿಲ್ಲ ಅಂತ ಸವಾಲು ಹಾಕಿದ್ದ. ಮೌಲ್ವಿಗಳು ಹಳೇ ಅರಬ್ಬಿ ವಾದಗಳನ್ನೇ ತರುತ್ತಾರೆ, ಅವಕ್ಕೆ ಉತ್ತರ ರೆಡಿ ಇದೆ ಅಂದುಕೊಂಡು ಕೂತಿದ್ದ.

ಕೈರಾನವಿಯ ಜೊತೆಗಿದ್ದವರು ಆಗ್ರಾದ ಡಾಕ್ಟರ್ ವಜೀರ್ ಖಾನ್. ಇಂಗ್ಲಿಷ್ ಬಲ್ಲವರು. ಇಬ್ಬರೂ ಯುರೋಪಿನ ಬೈಬಲ್ ವಿದ್ವಾಂಸರ ಪುಸ್ತಕಗಳನ್ನೇ ತರಿಸಿ ಓದಿದ್ದರು. ಸಭೆಯಲ್ಲಿ ಫಾಂಡರ್ ಎದುರು ಅವನ ಊರಿನವರನ್ನೇ ಸಾಕ್ಷಿಗೆ ನಿಲ್ಲಿಸಿದರು. ಯೋಹಾನನ ಮೊದಲ ಪತ್ರದ 5:7ರಲ್ಲಿ ತ್ರಯೈಕ್ಯ (ತಂದೆ, ಮಗ, ಪವಿತ್ರಾತ್ಮ ಒಂದೇ ದೇವರು) ಹೇಳುವ ಸಾಲು ಆಮೇಲೆ ಸೇರಿದ್ದು ಹೌದೋ ಅಲ್ಲವೋ ಅಂದರು. ಫಾಂಡರ್ ಕೆಲವು ಕಡೆ ಹಾಗಾಗಿದೆ, ಆದರೆ ಮೂಲ ಬೋಧನೆ ಕೆಟ್ಟಿಲ್ಲ ಅಂತ ಒಪ್ಪಬೇಕಾಯಿತು. ಅಷ್ಟು ಒಪ್ಪಿದ್ದೇ ಸಾಕು ಅಂದರು ಅವರು. ಐದು ವಿಷಯ ಚರ್ಚೆ ಆಗಬೇಕಿತ್ತು, ಎರಡರಲ್ಲೇ ಸಭೆ ಮುರಿಯಿತು.

1857ರ ದಂಗೆ ಆದಮೇಲೆ ಕೈರಾನವಿ ಬ್ರಿಟಿಷರಿಂದ ತಪ್ಪಿಸಿಕೊಂಡು ಮಕ್ಕಾ ಸೇರಿದರು. ಅಲ್ಲಿಂದ ಇಸ್ತಾಂಬುಲಿಗೆ ಸುಲ್ತಾನ ಕರೆಸಿಕೊಂಡ. ಅಲ್ಲಿ ಬರೆದ "ಇಝ್‌ಹಾರುಲ್ ಹಕ್" 1864ರಲ್ಲಿ ಬಂತು. ದಕ್ಷಿಣ ಆಫ್ರಿಕಾದ ಅಹ್ಮದ್ ದೀದಾತ್ ವಾದಕ್ಕಿಳಿಯಲು ಪ್ರೇರಣೆ ಆದದ್ದೂ ಅದೇ ಪುಸ್ತಕ. ಇವತ್ತು ಯೂಟ್ಯೂಬಿನಲ್ಲಿ ಕೂಗಾಡುವವರ ಎಷ್ಟೋ ಪಾಯಿಂಟುಗಳ ಮೂಲ ಆಗ್ರಾದಲ್ಲಿದೆ.

ಜೆಪ್ಪು ಮನೆ
ಫಾಂಡರ್ ಓದಿದ್ದು ಬಾಸೆಲ್ ಮಿಶನ್ ಸೆಮಿನರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಅದೇ ಬಾಸೆಲ್ ಮಿಶನ್. ನಮ್ಮ ಊರಿಗೆ ಹೆಂಚು, ಅಚ್ಚುಕೂಟ ಕೊಟ್ಟವರು ಆಗ್ರಾಕ್ಕೆ ಜಗಳ ಕೊಟ್ಟರು ನೋಡಿ. 🙂 ಆದರೆ ಒಂದು ಮಾತು: ಕೈರಾನವಿ ಬಳಸಿದ ಆ ವಿಮರ್ಶಕರಲ್ಲಿ ಕೆಲವರು ಪವಾಡಗಳನ್ನೂ ಅನುಮಾನಿಸುವವರು. ಅದೇ ಅಳತೆಗೋಲು ಖುರ್‌ಆನಿಗೆ ಇಟ್ಟರೆ ಒಪ್ಪುತ್ತಿದ್ದರಾ?

ರಾಯಚೂರು ಬಿಸಿಲು
ಇದನ್ನೇ ನಾನು ಮೊದಲಲ್ಲೇ ಹೇಳಿದ್ದು! ಉಸ್ಮಾನ್ ಖಲೀಫರ ಕಾಲದಲ್ಲಿ ಒಂದು ಪ್ರತಿ ಇಟ್ಟು ಉಳಿದದ್ದನ್ನು ಸುಟ್ಟಿದ್ದು ಬುಖಾರಿಯಲ್ಲೇ ಇದೆ. ಯೆಮನಿನ ಸನಾದ ಮಸೀದಿಯಲ್ಲಿ 1972ರಲ್ಲಿ ಸಿಕ್ಕ ಖುರ್‌ಆನಿನ ಚರ್ಮದ ಹಾಳೆಗಳಲ್ಲಿ ಒಂದರಲ್ಲಿ ಕೆಳಗೆ ಅಳಿಸಿದ ಬರಹವೂ ಇದೆ.

ಉಳ್ಳಾಲದ ಗಾಳಿ
ಬಿಸಿಲಣ್ಣ, ಖುರ್‌ಆನ್ ಉಳಿದಿರೋದು ಬರೀ ಹಾಳೆಯಲ್ಲಿ ಅಲ್ಲ, ಬಾಯಿಪಾಠದಲ್ಲಿ. ನಮ್ಮೂರಲ್ಲೇ ಹನ್ನೆರಡು ವರ್ಷದ ಹುಡುಗರು ಹಾಫಿಝ್ (ಪೂರ್ತಿ ಬಾಯಿಪಾಠ ಮಾಡಿದವರು) ಆಗ್ತಾರೆ. ರಂಜಾನಿನ ರಾತ್ರಿ ನಮಾಜು ತರಾವೀಹ್‌ನಲ್ಲಿ ಇಮಾಮರು ಒಂದು ಅಕ್ಷರ ತಪ್ಪಿದರೆ ಹಿಂದಿನ ಸಾಲಿನಿಂದ ಯಾರಾದರೂ ತಿದ್ದುತ್ತಾರೆ. ನಾವೇ ಅದನ್ನು ಕಾಯುತ್ತೇವೆ ಅಂತ 15:9ರಲ್ಲಿ ದೇವರ ಮಾತಿದೆ. ತೌರಾತನ್ನು ಕಾಯುವ ಕೆಲಸವನ್ನು ಪಂಡಿತರಿಗೆ ಒಪ್ಪಿಸಿದ್ದು ಅಂತ 5:44ರಲ್ಲಿ. ವ್ಯತ್ಯಾಸ ಅಲ್ಲಿದೆ.

ನಿರ್ವಾಹಕ
ಖುರ್‌ಆನ್ ಪಾಠದ ಇತಿಹಾಸಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಹಿಂದಿನ ಗ್ರಂಥಗಳ ವಿಷಯ ಮಾತ್ರ.

ಹೇಮಾವತಿ ದಂಡೆ
ಒಂದು ಉದಾಹರಣೆ ಕೊಡಿ ಯಾರಾದರೂ. ಈ ವಚನವನ್ನು ಇಂಥ ಕಾರಣಕ್ಕೆ ತಿದ್ದಿದ್ದಾರೆ ಅಂತ ಮುಸ್ಲಿಂ ವಿದ್ವಾಂಸರು ಬೊಟ್ಟು ಮಾಡಿ ತೋರಿಸಿದ್ದು.

ಅರಬ್ಬಿ ಓದು
ಬಕ್ರೀದ್ ಕಥೆಯೇ ತಗೊಳ್ಳಿ. ಆದಿಕಾಂಡ 22ರಲ್ಲಿ ದೇವರು ಅಬ್ರಹಾಮನಿಗೆ, ನಿನ್ನ ಒಬ್ಬನೇ ಮಗ ಇಸಾಕನನ್ನು ಬಲಿ ಕೊಡು ಅನ್ನುತ್ತಾನೆ. ಹದಿನಾಲ್ಕನೇ ಶತಮಾನದ ಇಬ್ನ್ ಕಸೀರ್ ಇಲ್ಲಿ ಹಿಡಿಯುತ್ತಾರೆ. ಇಸ್ಮಾಯಿಲ್ ದೊಡ್ಡವನು ಅಂತ ಅವರ ಗ್ರಂಥವೇ ಹೇಳುತ್ತದೆ. ಹಾಗಿದ್ದರೆ ಒಬ್ಬನೇ ಮಗ ಅನ್ನುವುದು ಇಸಾಕ್ ಹುಟ್ಟುವ ಮುಂಚೆ ಇಸ್ಮಾಯಿಲನಿಗೆ ಮಾತ್ರ ಹೊಂದುತ್ತದೆ. ಇಸಾಕ್ ಅನ್ನೋ ಹೆಸರನ್ನು ಆಮೇಲೆ ತುರುಕಿದ್ದಾರೆ, ಯಾಕೆಂದರೆ ಅವನು ಅವರ ಪಿತಾಮಹ ಅಂತ.

ಆದರೆ ಮಜಾ ಇರೋದು ಇನ್ನೊಂದು ಕಡೆ. ಖುರ್‌ಆನಿನ 37ನೇ ಅಧ್ಯಾಯ ಬಲಿಯ ಮಗನ ಹೆಸರೇ ಹೇಳಲ್ಲ. ಮೊದಮೊದಲ ವ್ಯಾಖ್ಯಾನಕಾರರಲ್ಲಿ ಎರಡು ಗುಂಪು ಇತ್ತು. ಮಹಾ ವ್ಯಾಖ್ಯಾನಕಾರ ತಬರಿ (ತೀರಿಕೊಂಡದ್ದು 923) ಇಸಾಕನ ಕಡೆಗೇ ವಾಲಿದರು. ಇಸ್ಮಾಯಿಲನೇ ಅನ್ನೋದು ಗಟ್ಟಿಯಾದದ್ದು ನಿಧಾನಕ್ಕೆ.

ಉಳ್ಳಾಲದ ಗಾಳಿ
ತಬರಿ ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಉಸ್ತಾದರನ್ನು ಕೇಳುತ್ತೇನೆ. ಇಬ್ರಾಹಿಂ ನಬಿ ಮಕ್ಕಾದಲ್ಲಿ ಬಿಟ್ಟಿದ್ದು ಇಸ್ಮಾಯಿಲ್ ನಬಿಯನ್ನು, ಬಲಿಯ ಜಾಗ ಮಕ್ಕಾ ಹತ್ತಿರದ ಮಿನಾ. ಆದ್ದರಿಂದ ಇಸ್ಮಾಯಿಲ್ ಅನ್ನೋದೇ ಸರಿ, ನನ್ನ ಮಟ್ಟಿಗೆ ಬದಲಿಲ್ಲ.

ಶಿವಮೊಗ್ಗ ಸಂಜೆ
ಬೈಬಲನ್ನು ಗೌರವದಿಂದ ಓದಿದ ಮುಸ್ಲಿಂ ವಿದ್ವಾಂಸರು ಇರಲಿಲ್ಲವಾ? ಸರ್ ಸಯ್ಯದ್ ಅಹ್ಮದ್ ಖಾನ್ ಬೈಬಲಿಗೇ ಒಂದು ವ್ಯಾಖ್ಯಾನ ಶುರು ಮಾಡಿದ್ದರು, 1862ರಲ್ಲಿ ಗಾಜಿಪುರದಿಂದ ಬಂತು. ದಂಗೆಯಾಗಿ ಐದೇ ವರ್ಷ. ತಹ್ರೀಫ್ ಅಂದರೆ ಮುಖ್ಯವಾಗಿ ಅರ್ಥದ ತಿರುಚುವಿಕೆ ಅಂತ ಅವರ ನಿಲುವು. ಮುಸ್ಲಿಮರೂ ಬೈದರು, ಪಾದ್ರಿಗಳೂ ನಂಬಲಿಲ್ಲ.

ಅರಬ್ಬಿ ಓದು
ಅವರಿಗಿಂತ ನಾಲ್ಕು ಶತಮಾನ ಮುಂಚೆ ಕೈರೋದಲ್ಲಿ ಬಿಕಾಈ (1406-1480) ಅಂತ ಒಬ್ಬರಿದ್ದರು. ಲೆಬನಾನಿನ ಬಿಕಾ ಕಣಿವೆಯವರು. ಖುರ್‌ಆನಿಗೆ ದೊಡ್ಡ ವ್ಯಾಖ್ಯಾನ ಬರೆಯುತ್ತಾ ಆದಮನ ಕಥೆ ಬಂದಾಗ ಸುಮ್ನೆ ಆದಿಕಾಂಡವನ್ನೇ ಎತ್ತಿ ಉದ್ದುದ್ದ ಉದ್ಧರಿಸಿದರು. ಈಸಾ ನಬಿಯ ವಿಷಯಕ್ಕೆ ಬಂದಾಗ ಸುವಾರ್ತೆಗಳಿಂದಲೂ ತೆಗೆದರು. ಅಲ್ಲಿಯವರೆಗೆ ಹೀಗೆ ರಾಜಾರೋಷವಾಗಿ ಮಾಡಿದವರು ಬಹಳ ಕಡಿಮೆ. ಕೈರೋದಲ್ಲಿ ಗಲಾಟೆ ಎದ್ದಿತು. ಅವರೂ ಸುಮ್ಮನಿರಲಿಲ್ಲ. ಹಳೆಯ ಗ್ರಂಥಗಳಿಂದ ಉದ್ಧರಿಸುವುದು ಸರಿ ಅಂತ ಒಂದು ಪ್ರತ್ಯೇಕ ಪುಸ್ತಕವನ್ನೇ ಬರೆದರು. ಅದಕ್ಕೆ ಸಖಾವಿ ಅನ್ನುವವರು, ಅದು ಹರಾಮ್ ಅಂತ ಇನ್ನೊಂದು ಪುಸ್ತಕ ಬರೆದರು. ಇಬ್ಬರೂ ಇಬ್ನ್ ಹಜರ್ ಶಿಷ್ಯರು. ನಾನು ಮೇಲೆ ಹೇಳಿದೆನಲ್ಲ, ನಾಲ್ಕು ಅಭಿಪ್ರಾಯಗಳ ಪಟ್ಟಿ ಕೊಟ್ಟವರು, ಅವರೇ.

ಮಾತು ಜಾಸ್ತಿ
ಒಂದೇ ಗುರು, ಇಬ್ಬರು ಶಿಷ್ಯರು, ಎರಡು ಪುಸ್ತಕ. ಈ ವೇದಿಕೆ ಆಗಲೂ ಇತ್ತು ಅನ್ನಿ.

ದುಬೈ ಶಿಫ್ಟ್
ಹಾಗಾದರೆ ಸಾಮಾನ್ಯ ಮುಸ್ಲಿಮನೊಬ್ಬ ಬೈಬಲ್ ಓದಬಹುದಾ, ಬೇಡವಾ? ನಮ್ಮ ರೂಮಿನಲ್ಲಿ ಒಂದು ಇದೆ, ಅರಬ್ಬಿ-ಇಂಗ್ಲಿಷ್. ಯಾರೋ ಬಿಟ್ಟು ಹೋದದ್ದು.

ಉಳ್ಳಾಲದ ಗಾಳಿ
ಹಝ್ರತ್ ಉಮರ್ ತೌರಾತಿನ ಹಾಳೆ ತಂದು ಓದಿದಾಗ ನಬಿಯವರ ಮುಖ ಕೆಂಪಾಯಿತು, ಮೂಸಾ ಬದುಕಿದ್ದರೂ ನನ್ನನ್ನೇ ಅನುಸರಿಸಬೇಕಿತ್ತು ಅಂದರು ಅಂತ ಒಂದು ವರದಿ ಇದೆ. ಗಟ್ಟಿ ಜ್ಞಾನ ಇಲ್ಲದವರು ಕೈ ಹಾಕದಿರುವುದು ಒಳ್ಳೆಯದು ಅಂತ ನಮ್ಮಲ್ಲಿ ಹೇಳ್ತಾರೆ.

ಅರಬ್ಬಿ ಓದು
ಆ ವರದಿಯ ಸನದಿನ (ಯಾರಿಂದ ಯಾರಿಗೆ ಬಂತು ಅನ್ನೋ ಸರಪಳಿ) ಬಗ್ಗೆ ಮಾತುಗಳಿವೆ. ಬುಖಾರಿಯಲ್ಲಿ ಇರೋದು ಬೇರೆ ಎರಡು. ಬನೀ ಇಸ್ರಾಯೀಲರಿಂದ (ಯೆಹೂದಿಗಳಿಂದ) ಕೇಳಿದ್ದನ್ನು ಹೇಳಿ, ಅಡ್ಡಿಯಿಲ್ಲ ಅನ್ನೋದು ಒಂದು. ಮದೀನಾದ ಯೆಹೂದಿಗಳು ತೌರಾತನ್ನು ಹೀಬ್ರೂವಿನಲ್ಲಿ ಓದಿ ಅರಬ್ಬಿಯಲ್ಲಿ ವಿವರಿಸುತ್ತಿದ್ದಾಗ, ಅವರನ್ನು ನಂಬಲೂ ಬೇಡಿ, ಸುಳ್ಳು ಅನ್ನಲೂ ಬೇಡಿ ಅಂದದ್ದು ಇನ್ನೊಂದು. ಇಬ್ನ್ ತೈಮಿಯಾ ಇದನ್ನೇ ಹಿಡಿದು ಮೂರು ಭಾಗ ಮಾಡಿದರು. ಖುರ್‌ಆನಿಗೆ ಹೊಂದಿದರೆ ಒಪ್ಪು. ವಿರುದ್ಧ ಬಂದರೆ ಬಿಡು. ಎರಡೂ ಅಲ್ಲದಿದ್ದರೆ ಸುಮ್ಮನಿರು, ಹೇಳಿದರೂ ತಪ್ಪಿಲ್ಲ. ಈ ಮೂರನೇ ಗುಂಪಿಗೆ ಅವರು ಕೊಡುವ ಉದಾಹರಣೆ ನನಗೆ ಇಷ್ಟ: ಖುರ್‌ಆನಿನ ಕಥೆಯಲ್ಲಿ ಗುಹೆಯಲ್ಲಿ ಮಲಗಿದವರ ನಾಯಿಯ ಬಣ್ಣ ಯಾವುದು, ನೂಹ್ (ನೋಹ) ನಬಿಯ ಹಡಗಿಗೆ ಯಾವ ಮರ ಬಳಸಿದರು. ತಿಳಿದು ಏನು ಉಪಯೋಗ ಅಂತಾರೆ.

ಕೊಡೆ ಮರೆತವಳು
ನಾಯಿಯ ಬಣ್ಣ ನನಗೆ ಬೇಕು. ಯಾರೂ ಹೇಳಬೇಡಿ ಅಂದರೆ ಜಾಸ್ತಿ ಕುತೂಹಲ.

ಹೇಮಾವತಿ ದಂಡೆ
ಝಬೂರ್ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ? ಅದನ್ನೂ ತಿದ್ದಿದ್ದಾರೆ ಅಂತಾನಾ?

ಅರಬ್ಬಿ ಓದು
ಅದರ ಮೇಲೆ ಜಗಳ ಕಡಿಮೆ. ಅದು ಹೆಚ್ಚಾಗಿ ಸ್ತುತಿ, ಕಾನೂನು ಕಮ್ಮಿ. ಖುರ್‌ಆನ್ 21:105 ನೋಡಿ: ನನ್ನ ಸಜ್ಜನ ದಾಸರು ಭೂಮಿಗೆ ವಾರಸುದಾರರಾಗುತ್ತಾರೆ ಅಂತ ಝಬೂರಿನಲ್ಲಿ ಬರೆದಿದ್ದೇವೆ ಅಂತ ಇದೆ. ಹಿಂದಿನ ಗ್ರಂಥದ ಹೆಸರು ಹೇಳಿ ಅದರ ಸಾಲನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಟ್ಟಿರುವ ಜಾಗ ಇದು. ಜೆಪ್ಪು ಅವರೇ, ನಿಮ್ಮ ಕೀರ್ತನೆ 37ರ 29ನೇ ವಚನ ತೆಗೀರಿ.

ಜೆಪ್ಪು ಮನೆ
ತೆಗೆದೆ. ನೀತಿವಂತರು ದೇಶವನ್ನು ಅನುಭವಿಸುವರು ಅನ್ನೋ ಮಾತು. ಇದೆ. ಉಳ್ಳಾಲದವರೇ, ಇದಾದರೂ ತಿದ್ದಿಲ್ಲ ಅಂತ ಬರೆದುಕೊಡಿ.

ಉಳ್ಳಾಲದ ಗಾಳಿ
ಇದನ್ನು ಒಪ್ಪಿದೆ, ಖುರ್‌ಆನ್ ದೃಢಪಡಿಸಿದ್ದಕ್ಕೆ. ಅದರ ಹಿಂದಿನ 28 ವಚನಗಳಿಗೆ ನಾನು ಜವಾಬ್ದಾರನಲ್ಲ.

ರಾಯಚೂರು ಬಿಸಿಲು
ಸನಾ ಹಾಳೆಗಳಿಗೆ ಹೊಸ ಚರ್ಚೆ ತೆರೆದಿದ್ದೇನೆ. ಜಗಳ ಆಡುವವರು ಅಲ್ಲಿಗೆ ಬನ್ನಿ, ಕೊಡೆ ಮೇಡಂ ಮೊದಲು ಬರಲಿ.